ವಿಯೆನ್ನಾದಲ್ಲಿ ದೃಷ್ಟಿಬೊಂಬೆ

ಹೆಸರಿಗೂ ಗುಣಕ್ಕೂ ಹೊಂದಾಣಿಕೆಯಿರಬೇಕೆಂದು ಯಾವ ಶಾಸ್ತ್ರವೂ ಹೇಳಿಲ್ಲ ಎಂಬುದೊಂದೇ ನನಗಿರುವ ಸಮಾಧಾನ. ನನ್ನ ಹೆಸರು ವೀರಭದ್ರಯ್ಯ. ನಮ್ಮಪ್ಪ ಹರಕೆ ಹೊತ್ತು ಇಟ್ಟ ಹೆಸರು. ಹೆಸರು ಕೇಳಿದವರು ಕತ್ತಿ ಹಿರಿದ ಆಳೊಬ್ಬನನ್ನು ಕಲ್ಪಿಸಿಕೊಂಡು ಕುದೂರಿನ ನನ್ನ ಹಾರ್ಡ್‌ವೇರ್ ಅಂಗಡಿಗೆ ಬರುತ್ತಾರೆ. ಅಲ್ಲಿ ಮೊಳೆಯ ಡಬ್ಬಗಳ ಹಿಂದೆ, ಜಿರಲೆ ಕಂಡು ಸ್ಟೂಲು ಹತ್ತಿ ನಿಂತ ನನ್ನನ್ನು ನೋಡಿ, "ಯಜಮಾನ್ರು ಇಲ್ವಾ?" ಎಂದು ಕೇಳುತ್ತಾರೆ. ನಾನು ಸ್ಟೂಲಿನ ಮೇಲಿಂದಲೇ ವ್ಯಾಪಾರ ಮಾಡಿ ಕಳಿಸುತ್ತೇನೆ.

ಹೆದರಿಕೆಯಲ್ಲಿ ಎರಡು ಜಾತಿ. ಹೆದರಿದಾಗ ಓಡುವವರು ಒಂದು, ಅಲ್ಲೇ ಕಂಬವಾಗಿ ನಿಲ್ಲುವವರು ಇನ್ನೊಂದು. ಓಡುವವರಿಗೆ ಹೇಗೋ ಮಾನ ಉಳಿಯುತ್ತದೆ, ಏನೋ ಅರ್ಜೆಂಟ್ ಕೆಲಸವಿತ್ತು ಎನ್ನಬಹುದು. ನಾನು ನಿಲ್ಲುವ ಜಾತಿ. ಇದು ಊರಿಗೆಲ್ಲ ಗೊತ್ತಾದದ್ದು ನಾನು ಮೂರನೇ ಕ್ಲಾಸಿನಲ್ಲಿದ್ದಾಗ, ಶಾಲೆಯ ಛದ್ಮವೇಷ ಸ್ಪರ್ಧೆಯಲ್ಲಿ. ನನಗೆ ರಾಜನ ವೇಷ. ಅಮ್ಮನ ಜರಿ ಸೀರೆ, ರಟ್ಟಿನ ಕಿರೀಟ, ಕಾಡಿಗೆಯ ಮೀಸೆ. ಹೇಳಬೇಕಾಗಿದ್ದದ್ದು ಒಂದೇ ಮಾತು: "ಯಾರಲ್ಲಿ! ಮಂತ್ರಿಯನ್ನು ಕರೆಯಿರಿ!" ವೇದಿಕೆ ಹತ್ತಿದೆ. ಎದುರಿಗೆ ಊರಿಗೆ ಊರೇ ಕೂತಿತ್ತು. ಕೈ ಮೇಲಕ್ಕೆತ್ತಿದ್ದೆನಷ್ಟೆ, ಅದು ಅಲ್ಲೇ ನಿಂತಿತು. ಬಾಯಿ ತೆರೆದಿತ್ತು, ಅದೂ ನಿಂತಿತು. ಎಷ್ಟು ಹೊತ್ತು ನಿಂತಿದ್ದೆನೋ, ಕಡೆಗೆ ಹೆಡ್ಮಾಸ್ಟರು ಎದ್ದು, "ಏನೋ, ಹೊಲದಲ್ಲಿರೋ ಬೆರ್ಚಪ್ಪನ ಥರ ನಿಂತ್ಕಂಡಿದ್ದೀಯ! ಇಳಿಯೋ ಕೆಳಕ್ಕೆ!" ಎಂದು ಕೂಗಿದರು. ಹಕ್ಕಿ ಬೆದರಿಸಲು ಹುಲ್ಲು ತುಂಬಿ ಹೊಲದಲ್ಲಿ ನಿಲ್ಲಿಸುವ ಬೊಂಬೆಗೆ ನಮ್ಮ ಕಡೆ ಬೆರ್ಚಪ್ಪ ಎನ್ನುತ್ತಾರೆ. ಅವತ್ತಿನಿಂದ ವೀರಭದ್ರ ಹೋಗಿ ಬೆರ್ಚಪ್ಪ ಉಳಿದ.

ಹೆಸರನ್ನು ಉಳಿಸಿದವನು ತಿಪ್ಪಸಂದ್ರದ ಪುಟ್ಟಸ್ವಾಮಿ. ಅದೇ ಸ್ಪರ್ಧೆಯಲ್ಲಿ ತರಕಾರಿ ಮಾರುವ ಮುದುಕಿಯಾಗಿ ಬಂದು, ಹೆಡ್ಮಾಸ್ಟರ ಜೊತೆಯೇ ಬದನೆಕಾಯಿಗೆ ಚೌಕಾಸಿ ಮಾಡಿ, ಮೊದಲ ಬಹುಮಾನವಾಗಿ ಒಂದು ಸ್ಟೀಲ್ ಲೋಟ ಹೊಡೆದುಕೊಂಡ. ಈಗ ತಿಪ್ಪಸಂದ್ರದಲ್ಲಿ ಪಂಪ್‌ಸೆಟ್ಟು, ಪೈಪಿನ ಅಂಗಡಿ ಇಟ್ಟಿದ್ದಾನೆ. ಪ್ರಾಣ ಕೇಳಿದರೂ ಕೊಡುವಂಥ ಸ್ನೇಹಿತ. ಆದರೆ ಅವನ ಮನೆಗೆ ಯಾವಾಗ ಹೋದರೂ ನನಗೆ ಮಜ್ಜಿಗೆ ಬರುವುದು ಆ ಲೋಟದಲ್ಲೇ. ಬೇರೆಯವರಿಗೆ ಗಾಜಿನ ಗ್ಲಾಸು, ನನಗೆ ಮಾತ್ರ 'ಪ್ರಥಮ ಬಹುಮಾನ' ಎಂದು ಕೆತ್ತಿದ ಲೋಟ. "ಕುಡೀಲಾ ಬೆರ್ಚಪ್ಪ, ಒಸಿ ಉಪ್ಪು ಜಾಸ್ತಿ ಆಗೈತೇನೋ," ಎನ್ನುತ್ತಾನೆ. ನಲವತ್ತೈದು ವರ್ಷ ಆ ಅಕ್ಷರಗಳನ್ನು ಮೂಗಿನ ನೇರಕ್ಕೆ ಹಿಡಿದು ಮಜ್ಜಿಗೆ ಕುಡಿದವನ ಸಂಕಟ ನಿಮಗೆ ತಿಳಿಯಬೇಕಾದರೆ ನೀವೂ ಕುಡಿದಿರಬೇಕು.

ಹೀಗಿರುವಾಗ ಪೈಪ್ ಕಂಪನಿಯವರು, ಆ ವರ್ಷ ಚೆನ್ನಾಗಿ ಮಾಲು ಎತ್ತಿದ ಡೀಲರುಗಳನ್ನು ಸಪತ್ನೀಕರಾಗಿ ವಿಯೆನ್ನಾ ಎಂಬ ಊರಿಗೆ ಕರೆದೊಯ್ಯುವುದಾಗಿ ಘೋಷಿಸಿದರು. ಆ ಬೇಸಿಗೆಯಲ್ಲಿ ಮಾಗಡಿ ಸುತ್ತಮುತ್ತ ಎಲ್ಲರೂ ತೋಟಕ್ಕೆ ಹನಿ ನೀರಾವರಿ ಮಾಡಿಸಿದ್ದರಿಂದ ನಾನೂ ಪುಟ್ಟಸ್ವಾಮಿಯೂ ಪಟ್ಟಿಯಲ್ಲಿದ್ದೆವು. ಸಂತೋಷಪಡುವಷ್ಟರಲ್ಲಿ ಪ್ರವಾಸದ ಉಸ್ತುವಾರಿ ಹೊತ್ತಿದ್ದ ಶೈಲಜಾ ಮೇಡಂ ವಾಟ್ಸಾಪಿನಲ್ಲಿ ಒಂದು ಮೆಸೇಜು ಹಾಕಿದರು. ಕೊನೆಯ ದಿನ ಹೋಟೆಲಿನಲ್ಲಿ ಹ್ಯಾಲೋವೀನ್ ಎಂಬ ದೆವ್ವಗಳ ಹಬ್ಬದ ಔತಣ, ನೃತ್ಯ. ಎಲ್ಲರೂ ಭಯಾನಕ ವೇಷದಲ್ಲೇ ಬರಬೇಕು. ಒಳ್ಳೆಯ ವೇಷಕ್ಕೆ ಬಹುಮಾನ. ಎರಡು ನಿಮಿಷದಲ್ಲಿ ಪುಟ್ಟಸ್ವಾಮಿಯ ಫೋನು: "ನೋಡಿದ್ಯೇನ್ಲಾ? ಅಲ್ಲೂ ಛದ್ಮವೇಷ ಕಣ್ಲಾ! ಒಂದು ಲೋಟ ಮಡಗಕ್ಕೆ ಜಾಗ ಮಾಡ್ಕಂಡು ಹೊಂಟಿವ್ನಿ."

ಆ ಗಳಿಗೆಯಲ್ಲೇ ತೀರ್ಮಾನಿಸಿದೆ. ಮಜ್ಜಿಗೆಯ ಲೆಕ್ಕ ಪರದೇಶದಲ್ಲಾದರೂ ಚುಕ್ತಾ ಆಗಬೇಕು. ಬೆಂಗಳೂರಿಗೆ ಹೋಗಿ, ಕರಿಯ ಬಟ್ಟೆಯ ಮೇಲೆ ಬಿಳಿಯ ಮೂಳೆಗಳ ಚಿತ್ರವಿದ್ದ ಎಲುಬುಗೂಡಿನ ಉಡುಪು ತಂದೆ. ಕನ್ನಡಿಯ ಮುಂದೆ ಹಾಕಿಕೊಂಡು ನೋಡಿದರೆ ನನಗೇ ಜ್ವರ ಬರುವಂತಿತ್ತು. ಗೆದ್ದೆ ಎಂದುಕೊಂಡೆ. ಗಿರಿಜಾಳನ್ನು ಮರೆತಿದ್ದೆ.

ಗಿರಿಜಾ ನನ್ನ ಹೆಂಡತಿ, ದೊಡ್ಡಮಳೂರಿನ ಕಡೆಯವಳು. ಹೆದರಿಕೆ ಎಂಬುದು ಅವಳ ತವರಿನಲ್ಲಿ ಯಾರಿಗೂ ಇಲ್ಲ, ಆದರೆ ದೃಷ್ಟಿಯ ವಿಷಯದಲ್ಲಿ ಮಾತ್ರ ಬಹಳ ಎಚ್ಚರಿಕೆ. ಜನರ ಕಣ್ಣು ಬಿದ್ದರೆ ಕಲ್ಲೂ ಸೀಳುತ್ತದೆ ಎನ್ನುವವಳು. ವಿಯೆನ್ನಾ ತಲುಪಿ, ಔತಣದ ದಿನ ಮಧ್ಯಾಹ್ನ ಪೆಟ್ಟಿಗೆ ತೆರೆದು ನೋಡಿದರೆ ಹುರಿಟ್ಟು ಇತ್ತು, ಚಟ್ನಿಪುಡಿ ಇತ್ತು, ನಿಪ್ಪಟ್ಟು ಇತ್ತು, ಕುರಿ ಕಂಬಳಿಯೂ ಇತ್ತು. ಎಲುಬುಗೂಡು ಇರಲಿಲ್ಲ.

"ಅದಾ? ನಮ್ಮಣ್ಣಂಗೆ ಕೊಟ್ಬುಟ್ಟೆ," ಎಂದಳು ಗಿರಿಜಾ, ತಲೆ ಬಾಚಿಕೊಳ್ಳುತ್ತಾ. "ಆಕಾಸ್ದಾಗೆ ಹೋಗೋವಾಗ ಜೊತೇಲಿ ಮೂಳೆ ಹೊತ್ಕಂಡ್ ಹೋಗ್ತಾರೇನ್ರೀ? ಹೊಲ್ದಾಗಿರೋ ಬೆರ್ಚಪ್ಪಂಗೆ ಉಡಿಸವ್ನಂತೆ ನಮ್ಮಣ್ಣ. ಒಂದ್ ಗಿಣೀನೂ ಬರ್ತಿಲ್ವಂತೆ."

ನನ್ನ ವೇಷ ನನ್ನ ಹೆಸರಿನವನೇ ಹಾಕಿಕೊಂಡು ದೊಡ್ಡಮಳೂರಿನಲ್ಲಿ ಯಶಸ್ವಿಯಾಗಿ ನಿಂತಿದ್ದ. ನಾನು ಮಂಚದ ಮೇಲೆ ಕುಸಿದೆ. ನಿಜವಾಗಿಯೂ ಕಣ್ಣಲ್ಲಿ ನೀರು ಬಂತು, ಅದನ್ನು ಮುಚ್ಚಿಡುವುದಿಲ್ಲ. ಐವತ್ತು ದಾಟಿದ ಗಂಡಸು ವೇಷಕ್ಕಾಗಿ ಅಳುವುದು ಹಾಸ್ಯಾಸ್ಪದ ಎಂದು ಗೊತ್ತು, ಆದರೆ ಅತ್ತದ್ದು ಐವತ್ತು ದಾಟಿದವನಲ್ಲ, ಮೂರನೇ ಕ್ಲಾಸಿನವನು. ಗಿರಿಜಾ ಬಾಚಣಿಗೆ ಕೆಳಗಿಟ್ಟಳು. ಅವಳಿಗೆ ಆ ಲೋಟದ ವಿಷಯ ಗೊತ್ತು. ಅವಳಿಗೂ ಆ ಮನೆಯಲ್ಲಿ ಗಾಜಿನ ಗ್ಲಾಸಿನಲ್ಲೇ ಕೊಡುತ್ತಾರೆ.

"ಅಷ್ಟಕ್ಕೆಲ್ಲಾ ಅತ್ಗಂತಾರಾ? ಮೇಲೇಳಿ. ಮೂಳೆ ತೆಗ್ದು ಬರಿ ಜಾಗ ಬುಟ್ಟಿವ್ನಾ ನಾನು?" ಎನ್ನುತ್ತಾ ಪೆಟ್ಟಿಗೆಯ ತಳದಿಂದ ಹಳೆ ಪೇಪರಿನಲ್ಲಿ ಸುತ್ತಿದ ಒಂದು ದೊಡ್ಡ ಗಂಟನ್ನು ತೆಗೆದಳು. ಬಿಚ್ಚಿದರೆ, ನಮ್ಮದೇ ಅಂಗಡಿಯ ದೃಷ್ಟಿಬೊಂಬೆ! ಕಟ್ಟುತ್ತಿರುವ ಮನೆಗಳ ಮೇಲೆ ತೂಗುಹಾಕಲು ನಾವು ಮಾರುವ, ಮೊರದಗಲದ ರಾಕ್ಷಸನ ಮುಖ. ಹಸಿರು ಬಣ್ಣ, ಗುಡ್ಡೆ ಹೊರಗೆ ಬಂದ ಕಣ್ಣು, ಸುರುಳಿ ಮೀಸೆ, ಕೋರೆಹಲ್ಲು, ಗಲ್ಲದವರೆಗೆ ಚಾಚಿದ ಕೆಂಪು ನಾಲಿಗೆ. ಗೊತ್ತಿಲ್ಲದ ಹೋಟೆಲಿನಲ್ಲಿ ಇಳಿಯುತ್ತೇವೆ, ರೂಮಿನ ಬಾಗಿಲಿಗಿರಲಿ ಎಂದು ತಂದಿದ್ದಳಂತೆ, ಅಲ್ಲಿ ಮೊಳೆ ಹೊಡೆಯಲಾಗದೆ ಗಂಟಿನಲ್ಲೇ ಉಳಿದಿತ್ತಂತೆ. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ನಮ್ಮ ಪೆಟ್ಟಿಗೆ ತೆರೆಸಿದ ಅಧಿಕಾರಿ ಯಾಕೆ ಎರಡು ಹೆಜ್ಜೆ ಹಿಂದಕ್ಕೆ ಹೋದ ಎಂಬುದು ಆಗ ಅರ್ಥವಾಯಿತು.

ಮುಂದಿನ ಅರ್ಧ ಗಂಟೆ ಅವಳದೇ ಕಾರುಬಾರು. ಮುಖಕ್ಕೆ ಬೊಂಬೆಯನ್ನು ಕರಿದಾರದಲ್ಲಿ ಬಿಗಿದಳು. ಮೈತುಂಬ ಕುರಿ ಕಂಬಳಿ ಹೊದಿಸಿದಳು. ಚಿತ್ರಾನ್ನಕ್ಕೆಂದು ತಂದಿದ್ದ ನಿಂಬೆಹಣ್ಣು, ಒಣಮೆಣಸಿನಕಾಯಿ ಪೋಣಿಸಿ ಕೊರಳಿಗೆ ಹಾರ ಹಾಕಿದಳು. ಎಲ್ಲ ಸರಿಯಾಗಿತ್ತು, ಒಂದು ತೊಡಕು. ದೃಷ್ಟಿಬೊಂಬೆಯ ಕಣ್ಣಿಗೆ ತೂತು ಇರುವುದಿಲ್ಲ. ಅದು ನೋಡುವುದಕ್ಕಲ್ಲ, ನೋಡಿಸಿಕೊಳ್ಳುವುದಕ್ಕೆ ಇರುವ ವಸ್ತು. ಹತ್ತಾರು ವರ್ಷ ಮಾರಿದವನಿಗೆ ಇದು ಹಾಕಿಕೊಂಡ ಮೇಲೆ ಹೊಳೆಯಿತು. ನಾಲಿಗೆಯ ಪಕ್ಕದ ಸಂದಿಯಿಂದ ನನಗೆ ಕಾಣುತ್ತಿದ್ದದ್ದು ಒಂದು ಗೇಣು ನೆಲ ಮಾತ್ರ.

ಗಿರಿಜಾ ನನ್ನನ್ನು ಕೈಹಿಡಿದು ಕೆಳಗೆ ಕರೆದೊಯ್ದಳು. ಒಳಗೆ ಹೋಗುವ ಮುನ್ನ ಬೊಂಬೆಯನ್ನು ಎತ್ತಿ ಒಂದು ಸಲ ಎಲ್ಲವನ್ನೂ ನೋಡಿದೆ. ಅಬ್ಬಬ್ಬಾ, ಅದೇನು ವೈಭವ! ಅಮೃತಶಿಲೆಯ ಮೆಟ್ಟಿಲು, ಮೆಟ್ಟಿಲಿಗೊಂದರಂತೆ ಕಣ್ಣು ಮೂಗು ಕೊರೆದು ಒಳಗೆ ದೀಪ ಹಚ್ಚಿಟ್ಟ ಕೇಸರಿ ಕುಂಬಳಕಾಯಿಗಳು. ಸಾವಿರ ದೀಪದ ಗಾಜಿನ ಗೊಂಚಲಿಗೆ ಬೇಕೆಂದೇ ಕಟ್ಟಿದ ಜೇಡರ ಬಲೆ. ಶವಪೆಟ್ಟಿಗೆಯೊಳಗೆ ಜೋಡಿಸಿಟ್ಟ ತಿಂಡಿ. ಪಿಟೀಲಿನವರು ಹತ್ತು ಹದಿನೈದು ಜನ, ಎಲ್ಲರೂ ಹೆಣದ ಬಣ್ಣ ಬಳಿದುಕೊಂಡವರು. ನೆಲದಲ್ಲಿ ಹೊಗೆ ಹರಿಯುತ್ತಿತ್ತು. "ಸೊಳ್ಳೆಗೆ ಬುಟ್ಟವ್ರೇನೋ," ಎಂದಳು ಗಿರಿಜಾ. ನೆಲ ಗುಡಿಸುವ ರೇಷ್ಮೆಯ ನಿಲುವಂಗಿ ತೊಟ್ಟ ಮಾಟಗಾತಿಯರೂ ಕತ್ತಿನಲ್ಲಿ ಕೊಡಲಿ ಸಿಕ್ಕಿಸಿಕೊಂಡ ಗಂಡಸರೂ ತಿರುಗಿ ತಿರುಗಿ ಕುಣಿಯುತ್ತಿದ್ದರು. ಇದು ಅವರ ಸತ್ತವರ ಹಬ್ಬವೆಂದು ಶೈಲಜಾ ಮೇಡಂ ಬೆಳಿಗ್ಗೆ ವಿವರಿಸಿದಾಗಲೇ ಗಿರಿಜಾ, "ನಮ್ಮಲ್ಲಿ ಸತ್ತೋರ್ಗೆ ವಡೆ ಪಾಯ್ಸ ಎಡೆ ಇಕ್ಕಿ, ಹೋಗ್ಬನ್ನಿ ಅಂತೀವಿ. ಇವ್ರು ಅವರಂಗೇ ವೇಸ ಹಾಕ್ಕಂಡ್ರೆ, ಬಂದೋರ್ಗೆ ತಮ್ಮೋರು ಯಾರು ಅಂತ ಗೊತ್ತಾಗೋದೆಂಗೆ?" ಎಂದು ಕೇಳಿದ್ದಳು.

ನನ್ನನ್ನು ಬಾಗಿಲ ಪಕ್ಕದ ಕಂಬಕ್ಕೆ ಆನಿಸಿ, "ಇಲ್ಲೇ ನಿಂತಿರಿ, ರೂಮಿಗೋಗಿ ಶಾಲು ತತ್ತೀನಿ," ಎಂದು ಗಿರಿಜಾ ಹೋದಳು. ಹೋದವಳು ಲಿಫ್ಟಿನಲ್ಲಿ ಯಾವ ಗುಂಡಿ ಒತ್ತಬೇಕೋ ತಿಳಿಯದೆ ಮೇಲೆ ಕೆಳಗೆ ಓಡಾಡುತ್ತಾ ಮುಕ್ಕಾಲು ಗಂಟೆ ಕಳೆದಳು ಎಂಬುದು ನನಗೆ ಆಮೇಲೆ ಗೊತ್ತಾದದ್ದು.

ಇತ್ತ ನಾನು ಒಬ್ಬನೇ. ಕಣ್ಣು ಕಾಣದು, ಭಾಷೆ ಬಾರದು, ಸುತ್ತ ದೆವ್ವಗಳು. ಹೆದರಿಕೆ ಕಾಲಿನಿಂದ ಮೇಲಕ್ಕೆ ಹತ್ತಿತು. ಬಲಗೈ ಮೇಲಕ್ಕೆತ್ತಿದ್ದೆ, ಯಾಕೆತ್ತಿದೆನೋ, ಅದು ಅಲ್ಲೇ ನಿಂತಿತು. ಅಯ್ಯೋ, ಅದೇ ಕೈ, ಅದೇ ಎತ್ತರ! ಮೂರನೇ ಕ್ಲಾಸಿನ ವೇದಿಕೆಯನ್ನೇ ಯಾರೋ ವಿಯೆನ್ನಾಕ್ಕೆ ತಂದು ನನ್ನ ಕಾಲಡಿ ಇಟ್ಟಂತಾಯಿತು. ನಾಲಿಗೆಯ ಸಂದಿಯಿಂದ ಔತಣವೆಲ್ಲ ಬರೀ ಪಾದರಕ್ಷೆಗಳ ಮೆರವಣಿಗೆಯಾಗಿ ಕಂಡಿತು. ಚೂಪು ಹಿಮ್ಮಡಿಯ ಬೂಟುಗಳು ಬಂದು ನಿಂತು, ನಕ್ಕು, ಹೋದವು. ಯಾರೋ ನನ್ನ ಮೀಸೆ ಮುಟ್ಟಿದರು. ಯಾರೋ ಮೆಣಸಿನಕಾಯಿ ಮೂಸಿ ಸೀನಿದರು. ನಂತರ ಮೇಲೆತ್ತಿದ್ದ ಕೈಗೆ ಏನೋ ಭಾರವಾಯಿತು. ಒಬ್ಬ ಮಹಾನುಭಾವ ತನ್ನ ಕೋಟು ತೆಗೆದು ನೇತುಹಾಕಿದ್ದ! ಬಾಗಿಲ ಪಕ್ಕ ನಿಂತ ನನ್ನನ್ನು ಹೋಟೆಲಿನವರು ಇಟ್ಟ ಅಲಂಕಾರದ ಗೂಟ ಎಂದುಕೊಂಡಿದ್ದ. ಅವನನ್ನು ನೋಡಿ ಇನ್ನೊಬ್ಬ, ಮತ್ತೊಬ್ಬ. ಮೂರು ಕೋಟು, ಒಂದು ಛತ್ರಿ. ಕೊಡವಿ ಹಾಕಲು ಮನಸ್ಸಿತ್ತು, ಧೈರ್ಯವಿರಲಿಲ್ಲ.

ಆಗ ನೀಲಿ ಪಟ್ಟಿಯ ಹವಾಯಿ ಚಪ್ಪಲಿಗಳೆರಡು ಬಂದು ನಿಂತವು. ಹೊಸ ಬೂಟು ಕಚ್ಚುತ್ತದೆಂದು ಮಧ್ಯಾಹ್ನ ಗೊಣಗುತ್ತಿದ್ದ ಪುಟ್ಟಸ್ವಾಮಿಯೇ! ಅವನದು ರಕ್ತ ಹೀರುವ ದೊರೆಯ ವೇಷ, ಕರಿಯ ನಿಲುವಂಗಿ, ಹೊಳೆಯುವ ಹಲ್ಲಿನ ಸೆಟ್ಟು, ಮಧ್ಯಾಹ್ನವೇ ಹಾಕಿ ತೋರಿಸಿದ್ದ. ನನ್ನನ್ನು ಗುರುತಿಸದೆ, ಜೊತೆಗಿದ್ದ ಶೈಲಜಾ ಮೇಡಂಗೆ ಹೇಳುತ್ತಿದ್ದ: "ಬೆರ್ಚಪ್ಪ ಕಾಣ್ತಾನೇ ಇಲ್ಲ. ಹೆದ್ರಿ ರೂಮ್ನಾಗೇ ಕದ ಹಾಕ್ಕಂಡವ್ನೆ ಪಾಪ. ಆದ್ರೂ ಈ ಬೊಂಬೆ ಸಕತ್ತಾಗೈತೆ ಬುಡಿ ಮೇಡಮ್ಮೋರೆ. ನಮ್ಮೂರ್ ಮಾಲಿದ್ದಂಗೇ ಐತೆ." ಹಾಗೆಂದು ಅವನೂ ತನ್ನ ನಿಲುವಂಗಿ ಬಿಚ್ಚಿ ನನ್ನ ಕೈಗೆ ನೇತುಹಾಕಿ ಊಟಕ್ಕೆ ಹೋದ.

ಕೊನೆಗೂ ಗಿರಿಜಾಳ ಕಾಲುಂಗುರಗಳು ಕಂಡವು. "ಅಯ್ಯೋ ಶಿವನೇ! ಇದೇನ್ರೀ, ನಿಮ್ಮನ್ನ ಗೂಟ ಮಾಡ್ಕಂಡವ್ರೆ?"

"ಗಿರಿಜಾ, ಕೈ ನೋಯ್ತಾ ಐತೆ ಕಣೇ," ಎಂದೆ ನಾನು, ಬೊಂಬೆಯೊಳಗಿಂದ.

ಅಷ್ಟೇ. ಪಕ್ಕದಲ್ಲಿ ನಿಂತು ಹರಟುತ್ತಿದ್ದ ಒಬ್ಬ ಮಾಟಗಾತಿ ಕಿಟಾರನೆ ಕಿರುಚಿ ಗ್ಲಾಸು ಬೀಳಿಸಿದಳು. ಕೋಟು ತೆಗೆಯಲು ಕೈಹಾಕಿದ್ದ ಕೊಡಲಿಯವನು ಹಿಂದಕ್ಕೆ ಹಾರಿದನಂತೆ, ನನಗೆ ಕಾಣದ್ದನ್ನೆಲ್ಲ ಗಿರಿಜಾ ಆಮೇಲೆ ಹೇಳಿದಳು. ಪಿಟೀಲು ನಿಂತಿತು. ಬೊಂಬೆಗೆ ಜೀವವಿದೆ ಎಂಬ ಸುದ್ದಿ ಆ ಸಭೆಯಲ್ಲಿ ಹಬ್ಬಿದ ವೇಗ ನಮ್ಮ ಕುದೂರಿನ ಬಸ್‌ಸ್ಟ್ಯಾಂಡಿನಲ್ಲೂ ಸಾಧ್ಯವಿಲ್ಲ. ನಾನೂರು ಜೊತೆ ಕಾಲುಗಳು ನನ್ನ ಮುಂದೆ ಬಂದು ಅರ್ಧಚಂದ್ರವಾಗಿ ನಿಂತವು.

ನಾನೂರು ಜೊತೆ ಕಾಲೆಂದರೆ ನಾನೂರು ಜೊತೆ ಕಣ್ಣು. ಗಿರಿಜಾ ಅದನ್ನು ಲೆಕ್ಕ ಹಾಕಿದಳು. ಗಂಡನ ಮೇಲೆ ಇಷ್ಟು ಪರದೇಶದ ಕಣ್ಣು ಒಟ್ಟಿಗೆ ಬಿದ್ದರೆ ಊರು ಸೇರುವುದುಂಟೆ? ನಮ್ಮ ಕಡೆ ಅಮಾವಾಸ್ಯೆಗೆ ಅಂಗಡಿ ಮುಂದೆ ಮಾಡುವುದು ನಿಮಗೆ ಗೊತ್ತು: ಬೂದುಗುಂಬಳದ ನೆತ್ತಿ ಕೊರೆದು, ಕುಂಕುಮ ತುಂಬಿ, ಕರ್ಪೂರ ಹಚ್ಚಿ, ಮೂರು ಸಲ ನಿವಾಳಿಸಿ, ಬಾಗಿಲಲ್ಲಿ ಅಪ್ಪಳಿಸುವುದು. ಗಿರಿಜಾ ಪಕ್ಕದ ಮೆಟ್ಟಿಲು ನೋಡಿದಳು. ಅಲ್ಲಿ ಕುಂಬಳಕಾಯಿ ಕೊರೆದಾಗಿತ್ತು. ಒಳಗೆ ದೀಪವೂ ಹಚ್ಚಿಯಾಗಿತ್ತು. ಈ ಜನ ಎಲ್ಲ ಸರಿಯಾಗಿ ಸಿದ್ಧಮಾಡಿಟ್ಟು, ಒಡೆಯುವುದೊಂದನ್ನು ಮರೆತಿದ್ದಾರೆ ಎಂದೇ ಅವಳು ತಿಳಿದಳು. ಎರಡು ಕೈಯಲ್ಲಿ ದೊಡ್ಡದೊಂದನ್ನು ಎತ್ತಿಕೊಂಡು ಬಂದು ನನ್ನ ಸುತ್ತ ತಿರುಗಿಸತೊಡಗಿದಳು.

"ಕೆಂಪು ಕೂದ್ಲೋಳ ಕಣ್ಣು, ಕೊಡ್ಲಿ ಸಿಕ್ಕಿಸ್ಕಂಡೋನ್ ಕಣ್ಣು, ಪಿಟೀಲ್ನೋರ್ ಕಣ್ಣು, ಕೋಟು ನೇತಾಕ್ದೋರ್ ಕಣ್ಣು, ತಿಪ್ಪಸಂದ್ರುದ ಕಣ್ಣು, ಎಲ್ಲಾ ಹೋಗ್ಲಿ!" ಎಂದು, ಧೊಪ್ಪನೆ ಬಾಗಿಲಲ್ಲಿ ಅಪ್ಪಳಿಸಿದಳು.

ಅಮೃತಶಿಲೆಯ ಮೇಲೆ ಕುಂಬಳಕಾಯಿ ಒಡೆದ ಶಬ್ದ ಕೇಳಿದ್ದೀರಾ? ತೆಂಗಿನ ಗೊನೆ ಬಿದ್ದಂತಿತ್ತು. ನನ್ನ ಕಾಲ ಬಳಿಗೊಂದು ಹೋಳು ಜಾರಿ ಬಂತು, ಅದರಲ್ಲಿ ಅರ್ಧ ಮೂಗಿತ್ತು. ಹಿಂದೆಯೇ ಪುಟ್ಟಸ್ವಾಮಿಯ ದನಿ: "ಅಯ್ಯಯ್ಯೋ, ಇವ್ನಾ ಬೊಂಬೆ! ಆಯ್ತು ಬುಡು, ಮಾನ ಹೋಯ್ತು. ಇನ್ನು ಪೊಲೀಸ್ ಬತ್ತಾರೆ. ಲೇ ಬೆರ್ಚಪ್ಪ, ಕೈ ಮುಗ್ದು ತಪ್ಪಾಯ್ತು ಅನ್ಲಾ!" ಕೈ ಮುಗಿಯಲು ನನಗೂ ಇಷ್ಟವಿತ್ತು. ಆದರೆ ಒಂದು ಕೈ ಕೋಟುಗಳಡಿ ಮರಗಟ್ಟಿತ್ತು. ಇಡೀ ಕಂಪನಿಗೆ ಕೆಟ್ಟ ಹೆಸರು ತಂದೆವು, ಇನ್ನು ಗಿರಿಜಾಳನ್ನು ಹಿಡಿದುಕೊಂಡು ಹೋಗುತ್ತಾರೆ ಎಂದುಕೊಂಡೆ.

ಬಂದದ್ದು ಪೊಲೀಸರಲ್ಲ, ಚಪ್ಪಾಳೆ. ಮೊದಲು ಒಂದು ಕೈ, ಆಮೇಲೆ ಗಚ್ಚಿನ ಮೇಲೆ ಆಲಿಕಲ್ಲು ಸುರಿದಂತೆ! ಕೆಂಪು ಕೂದಲಿನ ಮಾಟಗಾತಿ ಮುಂದೆ ಬಂದು, ತನಗೂ ನಿವಾಳಿಸಬೇಕೆಂದು ಕೈಸನ್ನೆ ಮಾಡಿದಳು. ಗಿರಿಜಾ ಹಿಂದೆಗೆಯಲಿಲ್ಲ. "ಬಾರವ್ವ, ನಿನ್ ಮೇಲೂ ಒಸಿ ಜಾಸ್ತೀನೇ ಬಿದ್ದೈತೆ," ಎಂದು ಇನ್ನೊಂದು ಎತ್ತಿಕೊಂಡಳು. ಸಾಲು ನಿಂತಿತು. ಮೆಟ್ಟಿಲ ಮೇಲಿನ ಕುಂಬಳಕಾಯಿಗಳೆಲ್ಲ ಮುಗಿದವು. ಕೊನೆಗೆ ಕೊರಳಲ್ಲಿ ಹಗ್ಗ ಬಿಗಿದುಕೊಂಡಿದ್ದ ಹೋಟೆಲಿನ ಮ್ಯಾನೇಜರೇ ಅಡುಗೆಮನೆಯಿಂದ ಒಂದು ತರಿಸಿ, ತಾನೂ ತಲೆಬಾಗಿ ನಿಂತ.

ಮೊದಲ ಬಹುಮಾನ ನಮಗೇ. ಗಾಜಿನ ಕುಂಬಳಕಾಯಿ, ಅಂಗೈ ತುಂಬುವಷ್ಟು. ತೀರ್ಪುಗಾರರ ಮಾತನ್ನು ಶೈಲಜಾ ಮೇಡಂ ಕನ್ನಡದಲ್ಲಿ ಹೇಳಿದರು: "ಇವತ್ತು ಎಲ್ಲರೂ ಓಡಾಡಿ ಹೆದರಿಸೋಕೆ ನೋಡಿದರಂತೆ. ನೀವೊಬ್ಬರೇ ಒಂದು ಗಂಟೆ ನಿಂತಲ್ಲೇ ನಿಂತು ಹೆದರಿಸಿದಿರಂತೆ. ಇಂಥ ಸಂಯಮ ಅವರು ನೋಡೇ ಇಲ್ಲವಂತೆ." ಅದು ಸಂಯಮವಲ್ಲ ಎಂದು ಆ ಸಭೆಯಲ್ಲಿ ಬಲ್ಲವರು ಮೂವರೇ. ಗಿರಿಜಾ ಹೇಳಲಿಲ್ಲ. ನಾನು ಹೇಳಲಿಲ್ಲ. ಪುಟ್ಟಸ್ವಾಮಿ ಹಲ್ಲಿನ ಸೆಟ್ಟು ಕೈಗೆ ತೆಗೆದುಕೊಂಡು ನನ್ನನ್ನು ತಬ್ಬಿ, "ಗೆದ್ಬುಟ್ಟೆ ಕಣ್ಲಾ ವೀರಭದ್ರ!" ಎಂದ. ಅವನ ಬಾಯಲ್ಲಿ ನನ್ನ ನಿಜವಾದ ಹೆಸರು ಕೇಳಿದ್ದು ಅದೇ ಮೊದಲು. ಬೊಂಬೆಯೊಳಗೆ ನಾನು ಎಷ್ಟು ಅಗಲ ನಕ್ಕೆನೆಂದರೆ ದವಡೆ ನೋವು ಊರಿಗೆ ಬಂದರೂ ಇಳಿದಿರಲಿಲ್ಲ.

ಊರಿಗೆ ಬಂದ ಮೇಲೆ ಬೇಕೆಂದೇ ತಿಪ್ಪಸಂದ್ರಕ್ಕೆ ಹೋದೆ. ಮಜ್ಜಿಗೆ ಗಾಜಿನ ಗ್ಲಾಸಿನಲ್ಲಿ ಬಂತು. "ಲೋಟ ಎಲ್ಲೋಯ್ತು?" ಎಂದು ಕೇಳಿದೆ. "ಯಾವ್ ಲೋಟ?" ಎಂದ ಪುಟ್ಟಸ್ವಾಮಿ, ಮಾಡಿನ ಕಡೆ ನೋಡುತ್ತಾ. ಅಷ್ಟು ರುಚಿಯಾದ ಮಜ್ಜಿಗೆ ನಾನು ಎಲ್ಲೂ ಕುಡಿದಿಲ್ಲ. ನನ್ನ ಅಂಗಡಿಯಲ್ಲಿದ್ದ ದೃಷ್ಟಿಬೊಂಬೆಗಳೆಲ್ಲ ಖಾಲಿಯಾದವು. "ಆ ಫಾರಿನ್ನಲ್ಲಿ ಗೆದ್ದಿದ್ದೇ ಕೊಡಿ" ಎಂದು ಮಾಗಡಿಯಿಂದಲೂ ಜನ ಬಂದರು. ಗಾಜಿನ ಕುಂಬಳಕಾಯಿಯನ್ನು ಗಲ್ಲಾದ ಮೇಲೆ ಇಟ್ಟಿದ್ದೇನೆ. ಅದಕ್ಕೆ ದೃಷ್ಟಿಯಾಗಬಾರದೆಂದು ಗಿರಿಜಾ ಮೇಲೊಂದು ಬೊಂಬೆ ಕಟ್ಟಿದ್ದಾಳೆ.

ಕಡೆಗೆ ನನ್ನ ಹಳೆಯ ಶಾಲೆಯಿಂದಲೇ ಕರೆ ಬಂತು. ನವೆಂಬರ್ ಕೊನೆಗೆ ಇಟ್ಟುಕೊಂಡಿದ್ದ ರಾಜ್ಯೋತ್ಸವದ ಛದ್ಮವೇಷ ಸ್ಪರ್ಧೆಗೆ ನಾನೇ ಮುಖ್ಯ ಅತಿಥಿ! ನಾಲ್ಕು ದಿನ ಭಾಷಣ ಬರೆದೆ, ಗಿರಿಜಾಳ ಮುಂದೆ ಒಪ್ಪಿಸಿದೆ. ಮೊದಲ ಮಾತಾಗಿ ಆ ಹಳೆಯ ಬಾಕಿಯನ್ನೇ ತೀರಿಸಬೇಕು, "ಯಾರಲ್ಲಿ! ಮಂತ್ರಿಯನ್ನು ಕರೆಯಿರಿ!" ಎಂದು ಗುಡುಗಿ, ಆಮೇಲೆ ಮುಂದುವರಿಯಬೇಕು ಎಂದು ನಿಶ್ಚಯಿಸಿದ್ದೆ. ಹೆಡ್ಮಿಸ್ಟ್ರೆಸ್ಸು, "ವಿದೇಶದಲ್ಲಿ ನಮ್ಮ ಕಲೆಯ ಬಾವುಟ ಹಾರಿಸಿದ ಶ್ರೀ ವೀರಭದ್ರಯ್ಯನವರು ಈಗ ಮಾತನಾಡುತ್ತಾರೆ," ಎಂದರು. ಮೈಕಿನ ಮುಂದೆ ಹೋದೆ. ಬೊಂಬೆಯಿಲ್ಲದ ಬರಿಯ ಮುಖ. ಎದುರಿಗೆ ಊರಿಗೆ ಊರೇ ಕೂತಿತ್ತು. ಬಲಗೈ ಮೇಲಕ್ಕೆತ್ತಿದೆ. ಅದು ಅಲ್ಲೇ ನಿಂತಿತು. ಬಾಯಿ ತೆರೆದೆ. ಅದೂ ನಿಂತಿತು.

ಒಂದು ನಿಮಿಷವಾಯಿತು, ಎರಡಾಯಿತು. ಮುಂದಿನ ಸಾಲಿನಲ್ಲಿ ಪುಟ್ಟಸ್ವಾಮಿ ಮೊದಲು ಚಪ್ಪಾಳೆ ತಟ್ಟಿ, "ಅದೇ ಕಣ್ರಪ್ಪಾ, ಫಾರಿನ್ನಲ್ಲಿ ಮಾಡಿದ್ದು ಇದೇಯ!" ಎಂದು ಕೂಗಿದ. ಮಕ್ಕಳು, ಮೇಷ್ಟರುಗಳು, ಊರಿನವರು ಎಲ್ಲ ಎದ್ದು ನಿಂತು ಚಪ್ಪಾಳೆ ಹೊಡೆದರು. ಹೆಡ್ಮಿಸ್ಟ್ರೆಸ್ಸು ಕಣ್ಣೊರೆಸಿಕೊಂಡು ನನಗೆ ಶಾಲು ಹೊದಿಸಿದರು. ನಲವತ್ತೈದು ವರ್ಷದ ಹಿಂದೆ ಅದೇ ವೇದಿಕೆಯ ಮೇಲೆ ಅದೇ ಕೆಲಸವನ್ನು ಅಷ್ಟೇ ಚೆನ್ನಾಗಿ ಮಾಡಿ ಬೈಸಿಕೊಂಡು ಇಳಿದಿದ್ದೆ. ಆಗ ನಾನಿನ್ನೂ ವಿಯೆನ್ನಾಕ್ಕೆ ಹೋಗಿರಲಿಲ್ಲ, ಅಷ್ಟೇ.